ಹೊಂಡದ ಕೆಸರು, ಕೆರೆ ಗೋಡು, ತಿಪ್ಪೆ ಗೊಬ್ಬರ: ಬದನೆ ಮಡಿಯಲ್ಲಿ ಗೆದ್ದಿದ್ದು ಯಾವುದು?

ನಮ್ಮದು ಮದ್ದೂರು ಕಡೆಯ ಹಳ್ಳಿ. ತೆಂಗಿನ ತೋಟದ ಮೂಲೆಯಲ್ಲಿ ಒಂದು ಕೃಷಿ ಹೊಂಡ ಇದೆ, ಕಾಟ್ಲಾ ರೋಹು ಮೀನು ಬಿಟ್ಟಿದ್ದೆವು. ಬೇಸಿಗೆಯಲ್ಲಿ ಮೀನು ಹಿಡಿದು ನೀರು ಖಾಲಿ ಮಾಡಿದಾಗ ತಳದಲ್ಲಿ ಒಂದು ಗೇಣು ಕಪ್ಪು ಕೆಸರು. ಕೊಳೆತ ಮೊಟ್ಟೆ ವಾಸನೆ. ಅವ್ವ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು "ಮೊದ್ಲು ದೂರ ಸುರೀರೋ" ಎಂದಳು. ಅಪ್ಪ ಮಾತ್ರ ಒಂದು ಮಂಕರಿಯನ್ನೂ ಆಚೆ ಹಾಕಲು ಬಿಡಲಿಲ್ಲ. ಅದೇ ವಾರ ಊರ ಕೆರೆಯ ಹೂಳು ತೆಗೆಯುತ್ತಿದ್ದರು, ಒಂದು ಟ್ರ್ಯಾಕ್ಟರ್ ಗೋಡು ಹೊಡೆಸಿದೆವು. ತಿಪ್ಪೆ ಗೊಬ್ಬರ ಹೇಗೂ ಮನೆಯದು. ಸರಿ, ಮೂರನ್ನೂ ನೋಡೇಬಿಡೋಣ ಅನ್ನಿಸಿತು.

ನಾಲ್ಕು ಮಡಿ ಮಾಡಿ, ಒಂದೊಂದಕ್ಕೆ ಇಪ್ಪತ್ತು ಈರನಗೆರೆ ಬದನೆ ಸಸಿ ನೆಟ್ಟೆ. ನಾಲ್ಕನೆಯದಕ್ಕೆ ಏನೂ ಹಾಕಲಿಲ್ಲ. ಅದಿಲ್ಲದೆ ಹೋದರೆ ಹೋಲಿಸೋದು ಯಾವುದಕ್ಕೆ?

ಮೊದಲ ತಪ್ಪು ನನ್ನದೇ. ಹೊಂಡದ ಕೆಸರನ್ನು ಹಸಿಯಾಗಿಯೇ ಬುಡಕ್ಕೆ ಹಾಕಿದೆ. ಐದೇ ದಿನಕ್ಕೆ ಎಲೆ ಅಂಚು ಸುಟ್ಟಂತಾಯಿತು, ಆರೇಳು ಸಸಿ ಹೋದವು. ಮೀನಿನ ಹಿಕ್ಕೆ, ತಿನ್ನದೆ ಉಳಿದ ತಿಂಡಿ ಎಲ್ಲ ಗಾಳಿಯಿಲ್ಲದೆ ಕೊಳೆತ ಮಾಲು ಅದು. ಅಮೋನಿಯಾ ಜಾಸ್ತಿ ಇರುತ್ತದೆ. ಮೇಲೆ ಒಣಗಿ ರೊಟ್ಟಿ ಕಟ್ಟಿ, ಬೇರಿಗೆ ಉಸಿರೂ ಆಡಲಿಲ್ಲ. ಅದನ್ನೆಲ್ಲ ಕೆರೆದು ತೆಗೆದು, ಉಳಿದ ಕೆಸರನ್ನು ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿದೆ. ಮೂರು ವಾರ ಬಿಸಿಲು, ನಡುನಡುವೆ ಗುದ್ದಲಿಯಿಂದ ತಿರುವಿ ಹಾಕಿದ್ದು. ಕಪ್ಪು ಹೋಗಿ ಕಂದು ಬಂತು, ವಾಸನೆ ಪೂರ್ತಿ ಹೋಯಿತು. ಆಮೇಲೆ ಆ ಒಣ ಕೆಸರು ಹಾಕಿ ಅದೇ ಮಡಿಗೆ ಹೊಸ ಸಸಿ ನೆಟ್ಟೆ. ಹಾಗಾಗಿ ಅದು ಉಳಿದ ಮಡಿಗಳಿಗಿಂತ ತಿಂಗಳು ಹಿಂದೆ ಓಡುತ್ತಿತ್ತು ಅನ್ನೋದನ್ನೂ ಹೇಳಬೇಕು.

ಬಣ್ಣ ಬದಲಾದ ಹಾಗೆಯೇ ಹುಳಿಯೂ ಬದಲಾಗುತ್ತದೆ. ಕೊಳೆತ ಮೊಟ್ಟೆ ವಾಸನೆ ಗಂಧಕದ್ದು. ಗಾಳಿ ತಗುಲಿದಾಗ ಅದೇ ಗಂಧಕ ನಿಧಾನವಾಗಿ ಆಮ್ಲವಾಗುತ್ತದೆ. ಅಂದರೆ ಹಸಿಯಲ್ಲಿ ಅಳೆದ ರಸಸಾರ (ಪಿಎಚ್; 7 ಅಂದರೆ ಸಮ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಬೇರೆ, ಒಣಗಿದ ಮೇಲೆ ಬೇರೆ. ಇಲ್ಲಿಂದ ನನ್ನ ಅಳೆಯುವ ಹುಚ್ಚು ಶುರುವಾಯಿತು.

ಎರಡು ಕಡ್ಡಿಯ, ಬ್ಯಾಟರಿ ಬೇಡದ ಮೀಟರ್ ತರಿಸಿದೆ. ಮಣ್ಣಿಗೆ ಚುಚ್ಚಿ ಕೂತಿದ್ದಾಗ ಪಕ್ಕದ ತೋಟದ ಅಣ್ಣ ಕೇಳಿದ: "ಏನ್ಲಾ, ಭೂಮ್ತಾಯ್ಗೆ ಜ್ವರನಾ?" ಮೀಟರ್ ಎಲ್ಲದಕ್ಕೂ 7 ಅಂದಿತು. ಅನುಮಾನ ಬಂದು ಹುಣಸೆ ಹುಳಿಗೆ ಅದ್ದಿದೆ. ಅದಕ್ಕೂ ಆರೂವರೆ! ಈಗ ಅದು ನನ್ನ ಮಗನ ಆಟದ ಸಾಮಾನು.

ಅರಿಶಿನವನ್ನೂ ನೋಡಿದೆ. ಆರತಿ ನೀರು ಕೆಂಪಾಗೋದು ಅರಿಶಿನಕ್ಕೆ ಸುಣ್ಣ ಬೆರೆಸಿದ್ದಕ್ಕೆ ಅಲ್ವಾ? ಅದೇ ಲೆಕ್ಕದಲ್ಲಿ ಮಣ್ಣು ಕದಡಿದ ನೀರಿನ ತಿಳಿಗೆ ಅರಿಶಿನ ಸವರಿದ ಕಾಗದ ಅದ್ದಿದೆ. ಹಳದಿ ಹಳದಿಯಾಗೇ ಉಳಿಯಿತು. ಕ್ಷಾರ ಜೋರಾಗಿದ್ದರೆ ಮಾತ್ರ ಅದು ಕೆಂಪಾಗೋದು. ಹುಳಿ ಎಷ್ಟು ಅಂತ ಅರಿಶಿನ ಹೇಳುವುದೇ ಇಲ್ಲ.

ನಿಜಕ್ಕೂ ಕೆಲಸಕ್ಕೆ ಬಂದಿದ್ದು ಪಿಎಚ್ ಕಾಗದದ ಪಟ್ಟಿ. ಅದರಲ್ಲೂ ಮೊದಲು ಮೋಸ ಹೋದೆ. ಬೋರ್‌ವೆಲ್ ನೀರಿನಲ್ಲಿ ಮಣ್ಣು ಕದಡಿದ್ದೆ, 8.5 ತೋರಿಸಿತು. ನಮ್ಮ ಬೋರ್ ನೀರು ಗಡಸು, ಪಾತ್ರೆಗೆಲ್ಲ ಬಿಳಿ ಕಟ್ಟುತ್ತದೆ. ನಾನು ಅಳೆದಿದ್ದು ಮಣ್ಣನ್ನಲ್ಲ, ನೀರನ್ನು! ಆಮೇಲೆ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದೆ. (ಬ್ಯಾಟರಿ ಆಸಿಡ್ ಅಲ್ಲ, ಕೇಳಿ ತನ್ನಿ.) ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು, ಅರ್ಧ ಗಂಟೆ ಆಗಾಗ ಕಲಕಿ, ಮಣ್ಣು ಕೂತ ಮೇಲೆ ಮೇಲಿನ ತಿಳಿಗೆ ಪಟ್ಟಿ ಅದ್ದಬೇಕು. ರಾಡಿಗೆ ಅದ್ದಿದರೆ ಬಣ್ಣವೇ ಕಾಣಲ್ಲ. ತೋಟದ ಮಣ್ಣು 8, ಹಸಿ ಕೆಸರು ಏಳೂವರೆ, ಒಣಗಿದ ಕೆಸರು ಆರೂವರೆ, ಕೆರೆ ಗೋಡು ಹೆಚ್ಚು ಕಡಿಮೆ 8. ರಸಸಾರದಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದ ಹಾಗೆ. ಸಣ್ಣ ಬದಲಾವಣೆ ಅಲ್ಲ ಅದು.

ಮಣ್ಣು ಪರೀಕ್ಷಾ ಕೇಂದ್ರಕ್ಕೂ ಅರ್ಧ ಕೆಜಿ ಮಣ್ಣು ಕೊಟ್ಟೆ. ಆರೇಳು ಕಡೆ ಗೇಣುದ್ದ ಅಗೆದು, ಬೆರೆಸಿ, ನೆರಳಲ್ಲಿ ಒಣಗಿಸಿದ್ದು. ಫಲಿತಾಂಶಕ್ಕೆ ಎರಡು ತಿಂಗಳು ಕಾಯಿಸಿದರು, ಅಷ್ಟರಲ್ಲಿ ಬದನೆ ಕಾಯಿ ಬಿಟ್ಟಿತ್ತು. ಆದರೆ 7.9 ಅಂತ ಬಂದಾಗ ಕಾಗದದ ಪಟ್ಟಿ ಮೇಲೆ ನಂಬಿಕೆ ಬಂತು. ಜೊತೆಗೆ ಉಪ್ಪಿನಂಶ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಲೆಕ್ಕವೂ ಸಿಕ್ಕಿತು. ಅದು ಪಟ್ಟಿಯಿಂದ ಆಗುವ ಕೆಲಸವಲ್ಲ.

ಈಗ ಬದನೆ ಕಡೆ ಬರೋಣ. ಏನೂ ಹಾಕದ ಮಡಿಯಲ್ಲಿ ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಮಣ್ಣು ಕ್ಷಾರವಾದರೆ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗಲ್ಲ, ಅದರ ಗುರುತು. ಕೆರೆ ಗೋಡಿನ ಮಡಿಯಲ್ಲೂ ಸುಮಾರು ಹಾಗೇ. ಗೋಡು ನೀರನ್ನು ಚೆನ್ನಾಗಿ ಹಿಡಿಯಿತು, ಎರಡು ದಿನ ಡ್ರಿಪ್ ಕೆಟ್ಟಾಗ ಬಾಡದೆ ನಿಂತಿದ್ದು ಅದೊಂದೇ ಮಡಿ. ಆದರೆ ಗಿಡ ಎದ್ದೇಳಲಿಲ್ಲ, ಜೊತೆಗೆ ಜೊಂಡಿನ ಬೀಜ ಬೇರೆ ಬಂದಿತ್ತು. ನನ್ನ ಕೇಳಿದರೆ ಗೋಡು ಗೊಬ್ಬರವಲ್ಲ, ಮಣ್ಣು. ಮರಳು ಮಿಶ್ರಿತ ಕೆಂಪು ಹೊಲಕ್ಕೆ ಹೊಡೆಸಿ, ಎರೆ ಭೂಮಿಗೆ ದುಡ್ಡು ದಂಡ. ಚರಂಡಿ ನೀರು ಸೇರುವ ಪೇಟೆ ಕೆರೆಯದ್ದಾದರೆ ಸುಮ್ನೆ ಕೊಟ್ಟರೂ ಬೇಡ.

ತಿಪ್ಪೆ ಗೊಬ್ಬರದ ಮಡಿ ಎಂದಿನಂತೆ ನಿಧಾನ, ಆದರೆ ಕೊನೆಯವರೆಗೂ ಕಾಯಿ ಬಿಡುತ್ತಿತ್ತು. ಒಣ ಕೆಸರಿನ ಮಡಿ ತಿಂಗಳು ತಡವಾಗಿ ನೆಟ್ಟರೂ ಎತ್ತರದಲ್ಲಿ ಅದನ್ನು ಹಿಡಿಯಿತು, ಎಲೆ ಕಡು ಹಸಿರು. ಕಾಯಿ ಮಾತ್ರ ಸ್ವಲ್ಪ ಕಡಿಮೆ. ಎಲೆಗೇ ಹೆಚ್ಚು ಬಲ ಹೋಯಿತೋ ಏನೋ. ಸೊಪ್ಪು ಬೆಳೆಯುವುದಾದರೆ ಕಣ್ಣುಮುಚ್ಚಿ ಒಣ ಕೆಸರು. ಬದನೆಗಾದರೆ ಒಂದು ಮಂಕರಿ ಕೆಸರಿಗೆ ಎರಡು ಮಂಕರಿ ತಿಪ್ಪೆ ಗೊಬ್ಬರ ಬೆರೆಸುತ್ತೇನೆ. ನಮ್ಮದು ಕ್ಷಾರ ಮಣ್ಣು, ಕೆಸರಿನ ಹುಳಿ ನಡೆಯಿತು. ಮಲೆನಾಡಿನ ಹುಳಿ ಮಣ್ಣಿನವರು ಮೊದಲು ಪಟ್ಟಿ ಅದ್ದಿ ನೋಡಿ.

ಉಳಿದ ಕೆಸರು ಟಾರ್ಪಾಲಿನ ಮೇಲೆ ಇನ್ನೂ ಹಾಗೇ ಇದೆ. ಅಪ್ಪ ಅದರ ಅಂಚಿನಲ್ಲಿ ನನಗೆ ಹೇಳದೆ ದಂಟಿನ ಬೀಜ ಚೆಲ್ಲಿದ್ದಾನೆ.