1662ರ ಪ್ರಾರ್ಥನಾ ಪುಸ್ತಕ: ಒಂದು ವರ್ಷ ದಿನಾ ಬಳಸಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ನೋಡ್ಕೊಂಡು ಓದೋ ಪ್ರಾರ್ಥನೆಯ ಪಾರ್ಟಿ ಅಲ್ಲ. ನಮ್ದು ಆಂಗ್ಲಿಕನ್ ಸಭೆನೇ (ಇಂಗ್ಲೆಂಡ್ ಚರ್ಚ್ ಪರಂಪರೆಯದ್ದು) ಆದ್ರೂ ಇವ್ಯಾಂಜೆಲಿಕಲ್ ಕಡೆಯದ್ದು, ಅಂದ್ರೆ ಪ್ರಸಂಗ ಮುಕ್ಕಾಲು ಗಂಟೆ, ಹಾಡು ನಾಲ್ಕೈದು, ಪ್ರಾರ್ಥನೆ ಆ ಹೊತ್ತಿಗೆ ಬಾಯಿಗೆ ಏನು ಬರುತ್ತೋ ಅದು. ನಾನು ಪಾದ್ರಿ ದೀಕ್ಷೆ ಆದವನಲ್ಲ, ಬೈಬಲ್ ಸ್ಟಡಿ ನಡೆಸ್ತೀನಿ, ಸರದಿ ಬಂದಾಗ ಆರಾಧನೆ ನಡೆಸಿಕೊಡ್ತೀನಿ ಅಷ್ಟೇ. ಪುಸ್ತಕ ಹಿಡ್ಕೊಂಡು ಪ್ರಾರ್ಥನೆ ಮಾಡೋರನ್ನ ನೋಡಿ 'ಪವಿತ್ರಾತ್ಮನಿಗೆ ರಜೆ ಕೊಟ್ಟಿದ್ದಾರೆ' ಅಂತ ತಮಾಷೆ ಮಾಡಿದವನು ನಾನೇ.

ಅಂಥವನು ಈ ಪುಸ್ತಕ, ಅಂದ್ರೆ ಚರ್ಚ್ ಆಫ್ ಇಂಗ್ಲೆಂಡ್‌ನ ಹಳೇ 'ಬುಕ್ ಆಫ್ ಕಾಮನ್ ಪ್ರೇಯರ್', ತಗೊಂಡಿದ್ದು ಒಂದು ಹುಡುಗಿಯ ಮಾತಿನಿಂದ. ನಮ್ಮ ಗುಂಪಿನಲ್ಲಿ ಕಾಲೇಜ್ ಓದೋ ಹುಡುಗಿ, ಒಂದಿನ ಸ್ಟಡಿ ಮುಗಿದ್ಮೇಲೆ ನಗ್ತಾ 'ಅಣ್ಣಾ ನೀವು ಕಣ್ಮುಚ್ಚಿದ್ರೆ ಸಾಕು, ಮುಂದೇನು ಬರುತ್ತೆ ನಾನೇ ಹೇಳ್ತೀನಿ' ಅಂದ್ಳು, ಹೇಳಿಯೂ ಬಿಟ್ಳು, ಈ ದಿನಕ್ಕಾಗಿ ಸ್ತೋತ್ರ, ಕೂಡಿ ಬರೋ ಕೃಪೆ ಕೊಟ್ಟಿದ್ದಕ್ಕೆ ಸ್ತೋತ್ರ, ಬರಕ್ಕಾಗದೇ ಇರೋರನ್ನ ನಿನ್ನ ಕೈಗೆ ಒಪ್ಪಿಸ್ತೀವಿ, ಓದಿದ ವಾಕ್ಯ ನಮ್ಮ ಹೃದಯದಲ್ಲಿ ಫಲ ಕೊಡ್ಲಿ, ಆಮೆನ್. ಒಂದು ಪದ ತಪ್ಪಿಲ್ಲ. ಎಲ್ರೂ ನಕ್ರು, ನಾನೂ ನಕ್ಕೆ, ಆದ್ರೆ ಮನೆಗೆ ಬಂದು ನಾನು ನಡೆಸಿದ ಆರಾಧನೆಗಳ ಕ್ರಮ ಬರ್ಕೊಳ್ಳೋ ನೋಟ್‌ಬುಕ್ ತೆಗೆದು ನೋಡಿದೆ. ಹಿಂದಿನ ಆರು ಭಾನುವಾರದಲ್ಲಿ ಸಭೆಯೆಲ್ಲಾ ಒಟ್ಟಿಗೆ ಪಾಪ ಅರಿಕೆ ಮಾಡಿದ್ದು ಒಂದ್ಸಲಾನೂ ಇಲ್ಲ. ಹಾಡಿನ ಪಟ್ಟಿ ಇದೆ, ಪ್ರಕಟಣೆ ಇದೆ, ಯಾರು ಮೈಕ್ ಇಡ್ಬೇಕು ಅನ್ನೋದೂ ಇದೆ. ವಾಕ್ಯ ಓದಿದ್ದು ಪ್ರಸಂಗದ ಎಂಟು ಹತ್ತು ವಚನ ಮಾತ್ರ. ನಮ್ಗೂ ಒಂದು ಸಿದ್ಧ ನಮೂನೆ ಇತ್ತು, ಪ್ರಿಂಟ್ ಆಗಿರ್ಲಿಲ್ಲ ಅಷ್ಟೇ, ಅದೂ ಬಡಕಲು ನಮೂನೆ.

ಸರಿ, ಪುಸ್ತಕಕ್ಕೆ ಬರ್ತೀನಿ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ 1549ರಲ್ಲಿ ಮೊದಲ್ನೇದು ತಂದ್ರು, 1552ರಲ್ಲಿ ಇನ್ನೂ ಗಟ್ಟಿಯಾಗಿ ಪ್ರಾಟೆಸ್ಟಂಟ್ ಮಾಡಿದ್ರು, 1556ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅವರನ್ನ ಸುಟ್ರು. 1559ರಲ್ಲಿ, ಆಮೇಲೆ 1662ರಲ್ಲಿ ಮತ್ತೆ ತಿದ್ದಿ ತಂದ್ರು, ಈಗ ಕೈಗೆ ಸಿಗೋದು ಈ ಕೊನೇದು. ಬೆಳಗಿನ ಪ್ರಾರ್ಥನೆಯ ಶುರುವಿನಲ್ಲಿರೋ ಪಾಪ ಅರಿಕೆ 1552ರಲ್ಲಿ ಸೇರಿದ್ದು. ಅದರಲ್ಲಿ ಒಂದು ವಿಷ್ಯ ನನ್ನ ಬಿಡ್ಲೇ ಇಲ್ಲ. ಮಾಡಬಾರದ್ದು ಮಾಡಿದ್ವಿ ಅನ್ನೋದಕ್ಕಿಂತ ಮೊದ್ಲು ಮಾಡಬೇಕಾಗಿದ್ದನ್ನ ಮಾಡ್ದೇ ಬಿಟ್ವಿ ಅನ್ನೋದು ಬರುತ್ತೆ. ನಾನಾಗೇ ಪ್ರಾರ್ಥನೆ ಮಾಡಿದ್ರೆ ಆ ದಿನ ಕೋಪ ಬಂದಿದ್ದು, ಸುಳ್ಳು ಹೇಳಿದ್ದು ನೆನಪಾಗುತ್ತೆ, ಫೋನ್ ಮಾಡ್ತೀನಿ ಅಂತ ಹೇಳಿ ಮೂರು ತಿಂಗಳಿಂದ ಮಾಡ್ದೇ ಇರೋದು ನೆನಪಾಗಲ್ಲ. ಇಲ್ಲಿ ದಿನಾ ಬೆಳಿಗ್ಗೆ ಅದೇ ಮೊದ್ಲು ಎದುರಿಗೆ ಬಂದು ನಿಲ್ಲುತ್ತೆ, ಎರಡು ವಾರ ತಡ್ಕೊಂಡೆ, ಆಮೇಲೆ ಫೋನ್ ಮಾಡಿದೆ.

ಅರಿಕೆ ಆದ್ಮೇಲೆ ಬರೋ ಕ್ಷಮೆಯ ಘೋಷಣೆಯನ್ನ ಪ್ರೀಸ್ಟ್ (ದೀಕ್ಷೆ ಆದ ಪಾದ್ರಿ) ಮಾತ್ರ ಹೇಳ್ಬೇಕು ಅಂತ ಬರೆದಿದೆ. ನನ್ನಂಥವರು ನಡೆಸಿದ್ರೆ ಅದನ್ನ ಬಿಟ್ಟು ಟ್ರಿನಿಟಿ ಹಬ್ಬದ ಭಾನುವಾರ ಆದ್ಮೇಲಿನ 21ನೇ ಭಾನುವಾರದ ಚಿಕ್ಕ ಪ್ರಾರ್ಥನೆ ಹೇಳೋದು ರೂಢಿ. ಆದ್ರೂ ಆ ಘೋಷಣೆ ಓದಿ ನೋಡಿ, ಪ್ರೀಸ್ಟ್ ತಾನು ಕ್ಷಮಿಸ್ತೀನಿ ಅನ್ನಲ್ಲ, ನಿಜವಾಗಿ ಪಶ್ಚಾತ್ತಾಪಪಟ್ಟು ಸುವಾರ್ತೆಯನ್ನ ನಂಬೋರನ್ನ ದೇವರು ಕ್ಷಮಿಸ್ತಾನೆ ಅಂತ ಸಾರ್ತಾನೆ. ನಾವು ನಲವತ್ತೈದು ನಿಮಿಷ ಪ್ರಸಂಗದಲ್ಲಿ ಹೇಳೋದನ್ನೇ ಎರಡು ವಾಕ್ಯದಲ್ಲಿ ಮುಗಿಸಿದ್ದಾರೆ.

ಕೀರ್ತನೆಗಳ ವ್ಯವಸ್ಥೆ ನಂಗೆ ತುಂಬಾ ಇಷ್ಟ ಆಯ್ತು. 150 ಕೀರ್ತನೆ, ತಿಂಗಳಿಗೆ 30 ದಿನ, ಬೆಳಿಗ್ಗೆ ಸಂಜೆ ಅಂತ 60 ಭಾಗ, ತಾರೀಖು ನೋಡಿದ್ರೆ ಸಾಕು. 31 ಬಂದ್ರೆ ಹಿಂದಿನ ದಿನದ್ದೇ ಮತ್ತೆ. ನಂಗಿಷ್ಟವಾದ 23, 121 ಮಾತ್ರ ತಿರುಗಾಮುರುಗಾ ಓದ್ತಿದ್ದ ನಾನು ಶತ್ರುಗಳ ಹಲ್ಲು ಮುರಿ ಅನ್ನೋ ಕೀರ್ತನೆಗಳನ್ನೂ ಬಿಡೋ ಹಾಗಿಲ್ಲ. ಒಂದು ಎಚ್ಚರಿಕೆ, 15ನೇ ತಾರೀಖು ಸಂಜೆ ಯಾವ ಕೆಲ್ಸಾನೂ ಇಟ್ಕೊಬೇಡಿ, ಅವತ್ತು 78ನೇ ಕೀರ್ತನೆ, ಎಪ್ಪತ್ತಕ್ಕೂ ಹೆಚ್ಚು ವಚನ, ನಿದ್ದೆಗಣ್ಣಲ್ಲಿ ಓದಿದ್ರೆ ಇಸ್ರಾಯೇಲ್ಯರ ಜೊತೆ ನೀವೂ ಮರುಭೂಮಿಯಲ್ಲೇ ಇರ್ತೀರ.

ಈಗ ದೂರು. ವಸ್ತುವಾಗಿ ನೋಡಿದ್ರೆ ಈ ಪುಸ್ತಕ ಬಳಸೋಕೆ ತಲೆನೋವು. ಯಾವ ಅಧ್ಯಾಯ ಓದ್ಬೇಕು ಅನ್ನೋ ಟೇಬಲ್ ಮೊದಲ ಪುಟಗಳಲ್ಲಿ, ಪ್ರಾರ್ಥನೆಯ ಕ್ರಮ ಅದಾದ್ಮೇಲೆ, ವಾರದ ಚಿಕ್ಕ ಪ್ರಾರ್ಥನೆ ಮಧ್ಯದಲ್ಲೆಲ್ಲೋ, ಕೀರ್ತನೆ ಹಿಂದೆ, ಆ ಅಧ್ಯಾಯ ಓದೋಕೆ ಬೈಬಲ್ ಬೇರೆ. ಮೊದಲ ವಾರ ಪ್ರಾರ್ಥನೆಗಿಂತ ಪುಟ ತಿರುವಿದ್ದೇ ಜಾಸ್ತಿ. ಮಜಾ ಏನು ಗೊತ್ತಾ, ಇದೇ ದೂರನ್ನ ಕ್ರ್ಯಾನ್ಮರ್ ತಮ್ಮ ಹಿಂದಿನ ಕಾಲದ ಪುಸ್ತಕಗಳ ಮೇಲೆ ಹೇಳಿದ್ರು, ಓದೋದಕ್ಕಿಂತ ಏನು ಓದ್ಬೇಕು ಅಂತ ಹುಡುಕೋದೇ ದೊಡ್ಡ ಕೆಲಸ ಆಗಿತ್ತು ಅಂತ, ಆ ಮಾತು ಇದೇ ಪುಸ್ತಕದ ಮುನ್ನುಡಿಯಲ್ಲಿದೆ. ಅದನ್ನ ಓದಿ, ಮೂರು ಕಡೆ ಬೆರಳು ಸಿಗಿಸ್ಕೊಂಡು ಕೂತಿದ್ದ ನಂಗೆ ನಗು ತಡೆಯಕ್ಕಾಗ್ಲಿಲ್ಲ.

ಹಂಗಂತ ಒಂದು ಆ್ಯಪ್ ಹಾಕ್ಕೊಂಡೆ, ಹೆಸರು ಬೇಡ, ಎಲ್ಲಾ ಒಂದೇ ಪುಟದಲ್ಲಿ ಜೋಡಿಸಿ ಕೊಡುತ್ತೆ, ಮೂರು ವಾರ ಆರಾಮಾಗಿತ್ತು, ಆಮೇಲೆ ಒಂದು ಭಾನುವಾರ ಸಭೆ ಮುಂದೆ ನಿಂತು ಅರಿಕೆ ಓದ್ತಾ ಇರೋವಾಗ ಮೇಲಿಂದ ಅಪ್‌ಡೇಟ್ ಮಾಡಿ ಅಂತ ಇಳಿದು ಬಂತು, ಒತ್ತಿದ್ರೆ ಲಾಗಿನ್ ಕೇಳ್ತು, ಸಭೆಯೋರೆಲ್ಲಾ ತಪ್ಪಿಹೋದ ಕುರಿಗಳ ಹಾಗೆ ಅನ್ನೋ ಜಾಗದಲ್ಲಿ ನಿಂತು ನನ್ನ ಮುಖ ನೋಡ್ತಿದ್ರು. ಅವತ್ತೇ ಪುಸ್ತಕಕ್ಕೆ ವಾಪಸ್.

ಚರ್ಚ್ ಆಫ್ ಇಂಗ್ಲೆಂಡ್‌ನವರ 2000ದ ಹೊಸ ಆರಾಧನಾ ಸಂಪುಟಗಳನ್ನೂ ನೋಡಿದೆ. ಭಾಷೆ ಸಲೀಸು, ಆದ್ರೆ ಪ್ರತಿಯೊಂದಕ್ಕೂ ಐದಾರು ಆಯ್ಕೆ, ಕಡೆಗೆ ನಡೆಸೋರು ತಮಗಿಷ್ಟವಾದ್ದನ್ನೇ ಆರಿಸ್ಕೊತಾರೆ. ನನ್ನ ಕಾಯಿಲೆಗೆ ಅದು ಮದ್ದಲ್ಲ.

ಇವ್ಯಾಂಜೆಲಿಕಲ್‌ಗಳಿಗೆ ಮುಳ್ಳಾಗೋ ಜಾಗಾನೂ ಇವೆ, ಮುಚ್ಚಿಡಲ್ಲ. ಶಿಶು ದೀಕ್ಷಾಸ್ನಾನದಲ್ಲಿ ನೀರು ಹಾಕಿದ ಕೂಡ್ಲೇ ಈ ಮಗು ಹೊಸದಾಗಿ ಹುಟ್ಟಿದೆ ಅಂತ ಬರುತ್ತೆ, ನಂಗೆ ಅಲ್ಲಿ ಗಂಟಲು ಕಟ್ಟುತ್ತೆ. ಇದೇ ವಿಷಯಕ್ಕೆ ಎಕ್ಸೆಟರ್‌ನ ಬಿಷಪ್ ಫಿಲ್ಪಾಟ್ಸ್ ಅವರು ನೀರು ಹಾಕಿದ್ರೆ ಸಾಕು ಹೊಸ ಹುಟ್ಟು ಆಗುತ್ತೆ ಅನ್ನೋದನ್ನ ಒಪ್ಪದ ಗೋರಮ್ ಅನ್ನೋ ಪಾದ್ರಿಗೆ ಸಭೆ ಕೊಡಲ್ಲ ಅಂದಿದ್ರು, ಕೇಸ್ ಇಂಗ್ಲೆಂಡಿನ ಪ್ರಿವಿ ಕೌನ್ಸಿಲ್ ಅನ್ನೋ ಮೇಲಿನ ನ್ಯಾಯಪೀಠದವರೆಗೂ ಹೋಗಿ 1850ರಲ್ಲಿ ಗೋರಮ್ ಪರ ತೀರ್ಪು ಬಂತು. ಆ ಮಾತು ನಂಬಿಕೆಯ ನಿರೀಕ್ಷೆಯಿಂದ ಹೇಳಿದ್ದು, ಯಾಂತ್ರಿಕವಾಗಿ ನೀರಿನಿಂದಲೇ ಆಗೋದಲ್ಲ ಅಂತ ನಮ್ಮ ಕಡೆಯೋರು ಅರ್ಥ ಹೇಳ್ತಾರೆ. ಒಪ್ತೀನಿ, ಆದ್ರೆ ಅಷ್ಟು ವಿವರಣೆ ಬೇಕಾಗುತ್ತೆ ಅನ್ನೋದೇ ತೊಂದ್ರೆ. ರೋಗಿಗಳನ್ನ ನೋಡೋಕೆ ಹೋದಾಗಿನ ಕ್ರಮದಲ್ಲಿ ಇನ್ನೂ ಉಯಿಲು ಬರೆದಿಲ್ಲ ಅಂದ್ರೆ ಬರೆಯೋಕೆ ಹೇಳಿ ಅಂತಿದೆ. ಆಸ್ಪತ್ರೆಗೆ ಹೋಗಿ ಅದನ್ನ ಶುರು ಮಾಡಿದ್ರೆ ಮನೆಯೋರು ನನ್ನ ಹೊರಗೆ ಕಳಿಸ್ತಾರೆ. ನಾನು ಅಲ್ಲಿ ಒಂದು ಕೀರ್ತನೆ ಓದಿ ಬರ್ತೀನಿ.

ಕರ್ತನ ಭೋಜನದ ಕ್ರಮ ಮಾತ್ರ ಬಂಗಾರ. ರೊಟ್ಟಿ ಕೊಡೋವಾಗ ಹೇಳೋ ಮಾತಿನಲ್ಲಿ 1549ರಲ್ಲಿ 'ನಿನಗೋಸ್ಕರ ಕೊಡಲ್ಪಟ್ಟ ಕ್ರಿಸ್ತನ ದೇಹ' ಅನ್ನೋದಿತ್ತು, 1552ರಲ್ಲಿ ಅದನ್ನ ತೆಗೆದು 'ಕ್ರಿಸ್ತನು ನಿನಗಾಗಿ ಸತ್ತನೆಂದು ನೆನಪುಮಾಡಿಕೊಂಡು ತಿನ್ನು' ಅನ್ನೋದನ್ನ ಇಟ್ರು, 1559ರಲ್ಲಿ ಎರಡನ್ನೂ ಸೇರಿಸಿದ್ರು. ಒಂದು ತುಂಡು ರೊಟ್ಟಿ ಕೈಗೆ ಬರೋ ಅಷ್ಟೊತ್ತಲ್ಲಿ ಇದು ಕ್ರಿಸ್ತನ ದೇಹಾನಾ, ಬರೀ ನೆನಪಾ ಅನ್ನೋ ಹತ್ತು ವರ್ಷದ ಜಗಳ ಪೂರ್ತಿ ಕಿವಿಗೆ ಬೀಳುತ್ತೆ.

ಇನ್ನೊಂದು ಮಾತು, ಸ್ವಲ್ಪ ಖಾರ. 2008ರಲ್ಲಿ ಜೆರೂಸಲೇಮ್‌ನಲ್ಲಿ ಗ್ಯಾಫ್‌ಕಾನ್ ಅನ್ನೋ ಸಂಪ್ರದಾಯವಾದಿ ಆಂಗ್ಲಿಕನ್‌ರ ಸಮ್ಮೇಳನ ಸೇರಿದಾಗ ಮಾಡಿದ ಘೋಷಣೆಯಲ್ಲಿ 1662ರ ಪುಸ್ತಕ ಆರಾಧನೆಗೆ ಒಂದು ನಿಜವಾದ, ಅಧಿಕಾರವುಳ್ಳ ಅಳತೆಗೋಲು, ಆಯಾ ಸಂಸ್ಕೃತಿಗೆ ತಕ್ಕ ಹಾಗೆ ಅನುವಾದ ಮಾಡಿ ಹೊಂದಿಸಿಕೊಳ್ಳಬೇಕು ಅಂತ ಒಪ್ಕೊಂಡಿದ್ದಾರೆ. ನಮ್ಮ ಗುಂಪಿನೋರು ಅದಕ್ಕೆ ಕೈ ಎತ್ತಿ ಆಮೆನ್ ಅಂತಾರೆ, ಪುಸ್ತಕ ಎಲ್ಲಿದೆ ಅಂದ್ರೆ ಬೀರು ಮೇಲೆ ನೋಡ್ತಾರೆ. ಕೇಂಬ್ರಿಜ್‌ನ ಹೋಲಿ ಟ್ರಿನಿಟಿಯಲ್ಲಿ ಚಾರ್ಲ್ಸ್ ಸಿಮಿಯನ್ ಐವತ್ತು ವರ್ಷದ ಮೇಲೆ ಸೇವೆ ಮಾಡಿದ್ರು, ಅವರಿಗಿಂತ ದೊಡ್ಡ ಇವ್ಯಾಂಜೆಲಿಕಲ್ ಪ್ರಸಂಗಿ ಬೇಕಾ, ಅವರು 1811ರಲ್ಲಿ ಈ ಪುಸ್ತಕದ ಹಿರಿಮೆ ಮೇಲೇನೇ ಸಾಲಾಗಿ ಪ್ರಸಂಗ ಮಾಡಿದ್ರು.

ಸಭೇಲಿ ಏನಾಯ್ತು ಅಂದ್ರೆ, ನಾನು ಇಡೀ ಪುಸ್ತಕ ಹೇರೋಕೆ ಹೋಗ್ಲಿಲ್ಲ. ನಮ್ಮ ಪಾದ್ರಿ ಅಯ್ಯನವರನ್ನ ಕೇಳಿ ಪಾಪ ಅರಿಕೆ, ಒಂದು ಕೀರ್ತನೆ, ಹಳೇ ಒಡಂಬಡಿಕೆಯ ಒಂದು ಪೂರ್ತಿ ಅಧ್ಯಾಯ ಸೇರಿಸಿದೆ, ಅರಿಕೆಯನ್ನ ಈಗಿನ ಭಾಷೆಗೆ ತಂದು ಚೀಟಿ ಮಾಡಿ ಹಂಚಿದೆ. ಪ್ರಸಂಗ ಹತ್ತು ನಿಮಿಷ ಕಮ್ಮಿ ಆಯ್ತು, ಅಯ್ಯನವರಿಗೆ ಪೂರ್ತಿ ಖುಷಿ ಇಲ್ಲ. ಆ ಹುಡುಗಿ ಈಗ ಅಧ್ಯಾಯ ಓದ್ತಾಳೆ.

ಹೊಸಬರ ಕೈಗೆ ನೇರವಾಗಿ ಕೊಡ್ಬೇಡಿ, ಇಂಗ್ಲಿಷ್ ಹಳೇದು, ಓಡಿಹೋಗ್ತಾರೆ. ಆರಾಧನೆ ನಡೆಸೋರು, ಬೈಬಲ್ ಸ್ಟಡಿ ನಡೆಸೋರು ತಗೊಳ್ಳಿ. ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಟ್ ಆಗಿದ್ದು ಪುಟ ಹುಡುಕಿಸಿದ್ದಕ್ಕೆ. ಅಂಗೈಯಗಲದ ಚಿಕ್ಕ ಸೈಜ್ ಬೇಡ, ಅಕ್ಷರ ಸಾಸಿವೆ ಹಾಗಿರುತ್ತೆ, ದೊಡ್ಡದು ನೋಡಿ. ರಿಬ್ಬನ್ ಕಮ್ಮಿ ಅಂದ್ರೂ ಮೂರು ಇರ್ಲಿ, ನಂದ್ರಲ್ಲಿ ಒಂದೇ ಇರೋದು, ಉಳಿದ ಎರಡು ಜಾಗಕ್ಕೆ ಹಳೇ ಮದುವೆ ಪತ್ರಿಕೆ ಹರಿದು ಇಟ್ಕೊಂಡಿದ್ದೀನಿ.