ದಾರಿ ತಕರಾರಿಗೆ ಕೋರ್ಟಾ, ಮಧ್ಯಸ್ಥಿಕೆಯಾ?

ಅಣ್ಣ-ತಮ್ಮಂದಿರ ಪಾಲು, ಮನೆಯ ದಾರಿ, ಬಾವಿ ನೀರು. ಉಡುಪಿ ಕಡೆ ಇಂಥ ಜಗಳಗಳೇ ಜಾಸ್ತಿ ಅಲ್ವಾ? ಇವಕ್ಕೆ ನನ್ನ ಓಟು ಮಧ್ಯಸ್ಥಿಕೆಗೆ.

ಕೋರ್ಟಿನಲ್ಲಿ ಒಬ್ಬರು ಗೆಲ್ಲುತ್ತಾರೆ, ಸೋತವರು ಅಪೀಲು ಹಾಕುತ್ತಾರೆ, ವಾಯಿದೆ ಮೇಲೆ ವಾಯಿದೆ ಬೀಳುತ್ತದೆ, ಅಷ್ಟರಲ್ಲಿ ಪಕ್ಕದ ಮನೆಯವರ ಜೊತೆ ಮಾತೇ ನಿಂತಿರುತ್ತದೆ. ಮಧ್ಯಸ್ಥರು ತೀರ್ಪು ಕೊಡುವುದೇ ಇಲ್ಲ. ನಮ್ಮ ದಾರಿ ತಕರಾರಿನಲ್ಲಿ ಅವರು ಎರಡೂ ಕಡೆಯವರ ಹತ್ತಿರ ಬೇರೆ ಬೇರೆ ಮಾತಾಡಿದರು, ಆಮೇಲೆ ನಕ್ಷೆಯನ್ನು ಮೇಜಿನ ಮೇಲೆ ಹರಡಿ ನಮ್ಮ ಕೈಗೇ ಪೆನ್ಸಿಲ್ ಕೊಟ್ಟರು. ಎರಡು ತೆಂಗಿನಮರ ಉಳಿಯುವ ಹಾಗೆ ದಾರಿ ಸ್ವಲ್ಪ ಬಾಗಿತು. ಇಂಥ ಪರಿಹಾರ ತೀರ್ಪಿನಲ್ಲಿ ಸಿಗುವುದು ಕಷ್ಟ.

ಕೇಸು ಹಾಕಿಯಾಗಿದ್ದರೂ ತಡವಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮಿನಡಿ ಜಡ್ಜ್ ಮಧ್ಯಸ್ಥಿಕೆಗೆ ಕಳಿಸಬಹುದು, ರಾಜಿಯಾದರೆ ಅದರ ಮೇಲೆಯೇ ಡಿಕ್ರಿ, ಅಂದರೆ ಕೋರ್ಟಿನ ಅಧಿಕೃತ ಆದೇಶ, ಆಗುತ್ತದೆ. ಆದರೆ ಮಧ್ಯಸ್ಥರು ಯಾರ ಪರ ವಕೀಲರೂ ಅಲ್ಲ. ಸಹಿ ಹಾಕುವ ಮೊದಲು ನಿಮ್ಮ ವಕೀಲರಿಗೆ ಕರಡು ತೋರಿಸಿ.

ಚೆಕ್ ಬೌನ್ಸ್, ಅಪಘಾತ ಪರಿಹಾರದ ಕೇಸು ಇದ್ದರೆ, ರಾಜಿಯಲ್ಲೇ ಕೇಸು ಮುಗಿಸುವ ಲೋಕ ಅದಾಲತ್ ಸಾಕು. ಫೀಸಿಲ್ಲ, ಅಪೀಲೂ ಇಲ್ಲ.

ನಾಳೆಯೇ ಜೆಸಿಬಿ ಬರುತ್ತದೆ ಅನ್ನುವ ಸ್ಥಿತಿ ಇದ್ದರೆ ಮಾತುಕತೆಗೆ ಕಾಯಬೇಡಿ, ಮೊದಲು ಕೋರ್ಟಿನಿಂದ ತಡೆಯಾಜ್ಞೆ ತನ್ನಿ.