ನಾರ್ನಿಯಾದ ಟರ್ಕಿಶ್ ಡಿಲೈಟ್: ಕಾರ್ನ್‌ಫ್ಲೋರ್, ಜೆಲಟಿನ್, ಚೈನಾಗ್ರಾಸ್

ಟರ್ಕಿಶ್ ಡಿಲೈಟ್ ಎಂಬ ಮಿಠಾಯಿಯನ್ನು ಈ ಮೂರರಲ್ಲೂ ಮಾಡಿ ನೋಡಿದ ಮೇಲೆ ನನ್ನ ಓಟು ಕಾರ್ನ್‌ಫ್ಲೋರ್‌ಗೇ. ನಾರ್ನಿಯಾ ಎಂಬ ಮಾಯಾಲೋಕದ ಮಕ್ಕಳ ಕಥೆ ‘ದಿ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್’ (1950) ಪುಸ್ತಕದಲ್ಲಿ ಬಿಳಿ ಮಾಟಗಾತಿ ಎಡ್ಮಂಡ್ ಎಂಬ ಹುಡುಗನಿಗೆ ಕೊಡುವುದು ಹಸಿರು ರೇಷ್ಮೆ ರಿಬ್ಬನ್ ಕಟ್ಟಿದ ದುಂಡು ಡಬ್ಬಿಯ ತುಂಬ ಇದೇ ಮಿಠಾಯಿ. ಒಳಗಿನ ತುಂಡುಗಳು ನಡುವಿನವರೆಗೂ ಸಿಹಿ, ಹಗುರ. ಇಸ್ತಾಂಬುಲ್‌ನಲ್ಲಿ ಇದರ ಹೆಸರು ಲೋಕುಮ್. ಅಲ್ಲಿ ಇಂದಿಗೂ ಸಕ್ಕರೆ ಮತ್ತು ಪಿಷ್ಟದಿಂದಲೇ ಕುದಿಸಿ ಮಾಡುತ್ತಾರೆ. ಹಲ್ಲಿಗೆ ಮೆತ್ತಗೆ ಸಿಕ್ಕಿ, ನಿಧಾನವಾಗಿ ಕರಗುವ ಆ ಗುಣ ಪಿಷ್ಟದಿಂದ ಬರುವಂಥದ್ದು. ನಮ್ಮ ಬಾಂಬೆ ಹಲ್ವಾ ತಿಂದವರಿಗೆ ಇದು ಅರ್ಧ ಪರಿಚಿತವೇ, ತುಪ್ಪವೊಂದಿಲ್ಲ.

ಚೈನಾಗ್ರಾಸ್ (ಕಡಲ ಪಾಚಿಯಿಂದ ಮಾಡುವ ಅಗರ್ ಅಗರ್) ಸಸ್ಯಾಹಾರಿ, ಅಗ್ಗ, ಫ್ರಿಜ್ ಇಲ್ಲದೆಯೂ ಗಟ್ಟಿಯಾಗುತ್ತದೆ. ಆದರೆ ಕಚ್ಚಿದರೆ ಪಟ್ಟನೆ ಮುರಿಯುತ್ತದೆ, ಎಳೆಯುವುದಿಲ್ಲ. ಎಳೆಗಳನ್ನು ಬರೀ ನೀರಿನಲ್ಲಿ ಪೂರ್ತಿ ಕರಗಿಸದೆ ಸಕ್ಕರೆ ಹಾಕಿದರೆ ನಾರು ನಾರಾಗಿ ಉಳಿಯುತ್ತದೆ.

ಜೆಲಟಿನ್ ಪ್ರಾಣಿಜನ್ಯ, ಎಷ್ಟೋ ಮನೆಗಳಲ್ಲಿ ಮಾತು ಅಲ್ಲಿಗೇ ಮುಗಿಯುತ್ತದೆ. ಬಳಸುವವರಿಗೂ ಒಂದು ತೊಂದರೆ: ಸುಮಾರು 35 ಡಿಗ್ರಿಯ ಆಸುಪಾಸಿನಲ್ಲಿ ಅದು ಕರಗುತ್ತದೆ. ಏಪ್ರಿಲ್‌ನ ಕಲಬುರಗಿಯಲ್ಲಿ ಫ್ರಿಜ್‌ನಿಂದ ಹೊರತೆಗೆದರೆ ಸ್ವಲ್ಪ ಹೊತ್ತಿಗೇ ಪಾಕ.

ಕಾರ್ನ್‌ಫ್ಲೋರ್ ವಿಧಾನ ಹೀಗೆ. 400 ಗ್ರಾಂ ಸಕ್ಕರೆ, 180 ಮಿ.ಲೀ. ನೀರು, 2 ಟೀ ಚಮಚ ನಿಂಬೆರಸ ಸೇರಿಸಿ 115 ಡಿಗ್ರಿಗೆ ಬರುವವರೆಗೆ ಕುದಿಸಿ. ಥರ್ಮಾಮೀಟರ್ ಇಲ್ಲದಿದ್ದರೆ, ತಣ್ಣೀರಿಗೆ ಬಿಟ್ಟ ಹನಿ ಮೆತ್ತನೆಯ ಉಂಡೆಯಾಗಬೇಕು. ಹುಳಿ ಇಲ್ಲದಿದ್ದರೆ ಪಾಕ ಮರಳುಗಟ್ಟುತ್ತದೆ. ಇನ್ನೊಂದು ದಪ್ಪ ತಳದ ಬಾಣಲೆಯಲ್ಲಿ 65 ಗ್ರಾಂ ಬಿಳಿ ಕಾರ್ನ್‌ಫ್ಲೋರ್ (ಹಳದಿ ಮೆಕ್ಕೆಜೋಳದ ಹಿಟ್ಟಲ್ಲ), ಅರ್ಧ ಟೀ ಚಮಚ ಕ್ರೀಮ್ ಆಫ್ ಟಾರ್ಟರ್ (ಬೇಕಿಂಗ್‌ಗೆ ಬಳಸುವ ಹುಳಿ ಪುಡಿ), 360 ಮಿ.ಲೀ. ತಣ್ಣೀರು ಕಲಸಿ, ಅಂಟಿನ ಹದಕ್ಕೆ ಕಾಯಿಸಿ. ಪಾಕವನ್ನು ಇದಕ್ಕೆ ಸೌಟು ಸೌಟಾಗಿ ಹಾಕುತ್ತಾ ಗೊಟಾಯಿಸಿ. ಒಮ್ಮೆಲೇ ಸುರಿದರೆ ಗಂಟು ಗ್ಯಾರಂಟಿ. ಆಮೇಲೆ ಸಣ್ಣ ಉರಿಯಲ್ಲಿ 45 ನಿಮಿಷದಿಂದ ಒಂದು ಗಂಟೆ, ತಳ ಹಿಡಿಯದಂತೆ ಕೈಯಾಡಿಸುತ್ತಲೇ ಇರಬೇಕು. ಕೊನೆಗೆ 2 ಟೀ ಚಮಚ ಪನ್ನೀರು ಸೇರಿಸಿ. ಅಡುಗೆಗೆಂದೇ ಮಾರುವ ಪನ್ನೀರು ತನ್ನಿ, ಮುಖಕ್ಕೆ ಹಚ್ಚುವುದಲ್ಲ. ಎಣ್ಣೆ ಸವರಿದ 15 ಸೆಂ.ಮೀ. ಚೌಕ ತಟ್ಟೆಗೆ ಸುರಿದು ರಾತ್ರಿಯಿಡೀ ಹೊರಗೇ ಬಿಡಿ.

ಇದರಲ್ಲಿ ನಿಜವಾಗಿ ಕಾಡುವುದು ಬೆವರು. ಕತ್ತರಿಸಿ ಸಕ್ಕರೆಪುಡಿಯಲ್ಲಿ ಹೊರಳಿಸಿದ ತುಂಡು ಬೆಳಿಗ್ಗೆಗೆ ಒದ್ದೆಯಾಗಿ, ಒಂದಕ್ಕೊಂದು ಅಂಟಿ, ಪುಡಿಯೆಲ್ಲ ಪಾಕವಾಗಿರುತ್ತದೆ. ಬಹುತೇಕ ಸಲ ಕಾರಣ ಕಡಿಮೆ ಬೇಯಿಸಿದ್ದು. ಬಿಳಿ ಮಿಶ್ರಣ ದಪ್ಪಗಾದ ಕೂಡಲೇ ಆಯಿತು ಎನಿಸುತ್ತದೆ, ಆದರೆ ಒಳಗಿನ್ನೂ ನೀರು ಸಾಕಷ್ಟಿರುತ್ತದೆ. ಬಣ್ಣ ತಿಳಿ ಹೊನ್ನಿಗೆ ತಿರುಗಿ, ಗಾಜಿನ ಹೊಳಪು ಬಂದು, ಇಡೀ ಮುದ್ದೆ ತಳ ಬಿಟ್ಟು ಒಟ್ಟಾಗಿ ಸುತ್ತಬೇಕು. ಚೂರು ತೆಗೆದು ಐಸ್ ನೀರಿಗೆ ಹಾಕಿದರೆ ಬೆರಳಿಗೆ ಅಂಟದೆ ಉರುಳಬೇಕು.

ಎರಡನೆಯ ಕಾರಣ ಹೊರಪುಡಿ. ಬರೀ ಸಕ್ಕರೆಪುಡಿ ತೇವ ಎಳೆದುಕೊಂಡು ಕರಗುತ್ತದೆ. ಮೂರು ಪಾಲು ಸಕ್ಕರೆಪುಡಿಗೆ ಒಂದು ಪಾಲು ಕಾರ್ನ್‌ಫ್ಲೋರ್ ಬೆರೆಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಾದರೆ ಎರಡಕ್ಕೆ ಒಂದು. ಈ ಕಾರ್ನ್‌ಫ್ಲೋರನ್ನು ಮೊದಲೇ ಸಣ್ಣ ಉರಿಯಲ್ಲಿ ಐದು ನಿಮಿಷ, ಬಣ್ಣ ಬದಲಾಗದಂತೆ ಹುರಿದು ಆರಿಸಿಕೊಂಡರೆ ತೇವವೂ ಹಸಿ ವಾಸನೆಯೂ ಹೋಗುತ್ತದೆ.

ಕತ್ತರಿಸಿದ ತುಂಡುಗಳು ಜಾಲರಿಯ ಮೇಲೆ ಒಂದು ದಿನ ಆರಲಿ. ಫ್ರಿಜ್ ಬೇಡ. ಪ್ಲಾಸ್ಟಿಕ್ ಡಬ್ಬಿಯೂ ಬೇಡ, ಬೆಣ್ಣೆಕಾಗದ ಹಾಸಿದ ರಟ್ಟಿನ ಡಬ್ಬಿಯೇ ಸರಿ. ಮಕ್ಕಳು ಅದಕ್ಕೆ ಹಸಿರು ರಿಬ್ಬನ್ ಕಟ್ಟಲಿ.

ಖರ್ಚಿನ ಲೆಕ್ಕದಲ್ಲೂ ಕಾರ್ನ್‌ಫ್ಲೋರೇ ಅಗ್ಗ, ಗ್ಯಾಸ್ ಮಾತ್ರ ಹೆಚ್ಚು ಹೋಗುತ್ತದೆ. ನಿಂತು ಕೈಯಾಡಿಸುವ ವ್ಯವಧಾನ ಇಲ್ಲದವರು ಚೈನಾಗ್ರಾಸ್ ಮಾಡಿಕೊಳ್ಳಲಿ, ತಪ್ಪೇನಿಲ್ಲ. ನನಗಂತೂ ಆ ಒಂದು ಗಂಟೆಯೇ ಇದರ ದೊಡ್ಡ ಲಾಭ: ಒಬ್ಬರು ಸೌಟು ಹಿಡಿದರೆ ಇನ್ನೊಬ್ಬರು ನಾಲ್ಕನೇ ಅಧ್ಯಾಯವನ್ನು ಗಟ್ಟಿಯಾಗಿ ಓದಬಹುದು. ಒಂದು ಮಿಠಾಯಿಗೆ ಎಡ್ಮಂಡ್ ಯಾಕಷ್ಟು ಸೋತ ಎಂದು ಮಕ್ಕಳು ಕೇಳಿದರೆ, ಬ್ರಿಟನ್ನಿನಲ್ಲಿ ಸಕ್ಕರೆಗೆ 1940ರಲ್ಲಿ ಬಂದ ರೇಷನ್ 1953ರವರೆಗೂ ಇತ್ತೆಂದು ಹೇಳಿ. ಕುದಿಯುವ ಪಾಕದ ಹತ್ತಿರ ಮಾತ್ರ ಅವರನ್ನು ಬಿಡಬೇಡಿ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಪುಡಿಯಲ್ಲಿ ಹೊರಳಿಸುವ ಕೆಲಸ ಪೂರ್ತಿ ಅವರದೇ ಆಗಲಿ. ಕತ್ತರಿಸುವಾಗ ಚಾಕುವಿಗೆ ಎಣ್ಣೆ ಸವರಿ, ಎಳೆಯದೆ ನೇರ ಕೆಳಕ್ಕೆ ಒತ್ತಿ.